ಕೊಡಲಿಯ ಸಹಿ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಹಳೆಯ ಕರಾರುಪತ್ರಗಳಲ್ಲಿ, ಸಹಿ ಇರಬೇಕಾದ ಸ್ಥಳದಲ್ಲಿ, ಸಣ್ಣದೊಂದು ಕೊಡಲಿಯ ಆಕೃತಿ ಕಂಡುಬರುವುದುಂಟು. ಅದು ಜಕಾರಿ ಕ್ಲೂತಿಯೆ ಎಂಬ ಬಡಗಿಯ ರುಜು. ಕ್ಲೂತಿಯೆ ಎಂದರೆ ಮೊಳೆ ಮಾಡುವವನು ಎಂದರ್ಥ. ಪೂರ್ವಜರಾರೋ ಕಮ್ಮಾರಸಾಲೆಯಲ್ಲಿ ದುಡಿದವರಿರಬೇಕು. ಈತನಿಗೆ ಅಕ್ಷರ ಬರುತ್ತಿರಲಿಲ್ಲ. ತನ್ನ ಕಸಬಿನ ಆಯುಧವನ್ನೇ ಹೆಸರಿನ ಬದಲಿಗೆ ಬರೆದನು. ತನ್ನ ಹೆಸರನ್ನು ತಾನು ಬರೆಯಲಾರದೆ ಹೋದ ಈ ಮನುಷ್ಯನ ಹೆಸರು ಇಂದು ಉತ್ತರ ಅಮೇರಿಕದ ಲಕ್ಷಾಂತರ ಮನೆಗಳ ವಂಶವೃಕ್ಷದ ಬುಡದಲ್ಲಿದೆ. ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಜನಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿದ ಪ್ರಕಾರ 1800ನೆಯ ಇಸವಿಯ ವೇಳೆಗೆ ಈತನ ಸಂತತಿಯವರು 10,850 ಮಂದಿ. ಆ ವಸಾಹತಿನ ಯಾವ ಮೂಲಪುರುಷನಿಗೂ ಇಷ್ಟು ಸಂತತಿ ಇರಲಿಲ್ಲ.

ಮೂಲಪುರುಷ ಎಂದೆವು, ಮಾತು ಅರ್ಧ ಮಾತ್ರವೇ ಸರಿ. ಅಷ್ಟೂ ಜನರ ತಾಯಿಬೇರು ಸೇಂತ್ ದ್ಯುಪೋಂ ಎಂಬ ಹೆಂಗಸು. ಫ್ರಾನ್ಸಿನ ಪೆರ್ಷ್ ಸೀಮೆಯ ಮೊರ್ತಾಞ ಪಟ್ಟಣದ ಸಂತ ಯೋಹಾನನ ಚರ್ಚಿನಲ್ಲಿ 1616ನೆಯ ಜುಲೈ 18ರಂದು ಇವರಿಬ್ಬರಿಗೂ ಮದುವೆಯಾಯಿತು. ಆಕೆಗೆ ಅದು ಎರಡನೆಯ ವಿವಾಹ. ಮೊದಲನೆಯ ಗಂಡ ತೀರಿಕೊಂಡಿದ್ದನು. ಆರು ಮಕ್ಕಳು ಹುಟ್ಟಿದರು; ಒಬ್ಬಳು ಎಳವೆಯಲ್ಲಿಯೇ ಸತ್ತಳು. 1634ರಲ್ಲಿ ರೊಬೇರ್ ಜಿಫಾರ್ ಎಂಬ ವೈದ್ಯನು ಕ್ವಿಬೆಕ್ಕಿನ ಮಗ್ಗುಲಲ್ಲಿ ಬೋಪೋರ್ ಎಂಬ ಜಹಗೀರನ್ನು ಪಡೆದು, ಕಾಡು ಕಡಿದು ಊರು ಕಟ್ಟಲು ಆಳುಗಳನ್ನು ಹುಡುಕುತ್ತ ತನ್ನ ಸೀಮೆಗೆ ಬಂದನು. ಬಡಗಿ ಕ್ಲೂತಿಯೆ, ಅವನ ಸ್ನೇಹಿತನಾದ ಕಲ್ಲುಕುಟಿಗ ಜಾಂ ಗಿಯೋಂ ಇಬ್ಬರೂ ಮೂರು ವರ್ಷದ ದುಡಿಮೆಗೆ ಒಪ್ಪಿ ಕರಾರು ಮಾಡಿಕೊಂಡರು. ಪ್ರತಿಫಲವಾಗಿ ಇಬ್ಬರಿಗೂ ಭೂಮಿ ದೊರಕತಕ್ಕದ್ದಿತ್ತು. ಕ್ಲೂತಿಯೆಗೆ ಆಗ ನಲವತ್ತು ದಾಟಿತ್ತು. ಆ ಕಾಲದಲ್ಲಿ ನಲವತ್ತು ಎಂದರೆ ಮುದಿತನದ ಹೊಸಿಲು. ಅಂಥ ವಯಸ್ಸಿನಲ್ಲಿ ಹೆಂಡತಿ ಮಕ್ಕಳೊಡನೆ ಸಮುದ್ರ ದಾಟಿದ ಧೈರ್ಯವನ್ನು ಏನೆನ್ನಬೇಕು? ಧೈರ್ಯವೋ, ಊರಿನಲ್ಲಿ ಇನ್ನೇನೂ ಉಳಿದಿರಲಿಲ್ಲವೋ, ಕಾಗದಪತ್ರಗಳು ಅದನ್ನು ಹೇಳುವುದಿಲ್ಲ.

ಅವು ಹೇಳುವ ಸಂಗತಿ ಬೇರೆ. ಈ ಇಬ್ಬರು ಸ್ನೇಹಿತರೂ ಭೂಮಿಯನ್ನು ಪಡೆದ ಮೇಲೆ ಜಹಗೀರ್ದಾರನಿಗೆ ತಲೆಬಾಗಲು ನಿರಾಕರಿಸಿದರು. ಫ್ರಾನ್ಸಿನ ಪದ್ಧತಿಯಂತೆ ಉಂಬಳಿ ಪಡೆದವನು ಒಡೆಯನ ಬಾಗಿಲಿಗೆ ಹೋಗಿ, ಬರಿದಲೆಯಲ್ಲಿ ಮಂಡಿಯೂರಿ, ತಾನು ಅವನ ನಿಷ್ಠಾವಂತನೆಂದು ಸಾರಬೇಕಾಗಿತ್ತು. ಹೊಸ ನೆಲದಲ್ಲಿ ತಮ್ಮ ಕೈಯಿಂದಲೇ ಮರ ಕಡಿದು ಹೊಲ ಮಾಡಿದವರಿಗೆ ಅದು ರುಚಿಸಲಿಲ್ಲ. ವ್ಯಾಜ್ಯ ರಾಜ್ಯಪಾಲನವರೆಗೆ ಹೋಯಿತು. ತೀರ್ಪು ಒಡೆಯನ ಪರವಾಯಿತು. 1640ರಲ್ಲಿ ಗಿಯೋಂ ಬಾಗಿಲಿಗೆ ಹೋಗಿ ಮಂಡಿಯೂರಿದ ವಿವರ ದಾಖಲೆಯಾಗಿದೆ. ಕ್ಲೂತಿಯೆ ಕೊನೆಗೆ ಬೋಪೋರನ್ನೇ ಬಿಟ್ಟು ಶಾತೋ-ರಿಶೆ ಎಂಬಲ್ಲಿ ಬೇರೆ ಜಮೀನು ಹಿಡಿದನು. ಹಳೆಯದನ್ನು 1670ರಲ್ಲಿ ಮಾರಿಬಿಟ್ಟನು. 1677ರಲ್ಲಿ ಅವನೂ 1680ರಲ್ಲಿ ಅವನ ಹೆಂಡತಿಯೂ ತೀರಿಕೊಂಡರು. ಗಂಡಹೆಂಡಿರು ಅರವತ್ತು ವರ್ಷಕ್ಕೂ ಮಿಕ್ಕು ಸಂಸಾರ ನಡೆಸಿದ್ದರು.

ಸಾಮಾನ್ಯನಾದ ಒಬ್ಬ ಬಡಗಿಯ ಬಾಳಿನ ಬಗೆಗೆ ಇಷ್ಟು ವಿವರ ತಿಳಿದಿರುವುದೇ ಸೋಜಿಗ. ಅರಸರ ವಂಶಾವಳಿಗೆ ಶಾಸನಗಳುಂಟು, ಆಸ್ಥಾನಕವಿಗಳುಂಟು. ಬಡವನ ವಂಶಾವಳಿಯನ್ನು ಬರೆದವರಾರು? ನಮ್ಮ ಹೆಳವರಂತೆ ಮನೆಮನೆಗೆ ಬಂದು ಪೀಳಿಗೆಯನ್ನು ಹೇಳುವ ಜನ ಅಲ್ಲಿ ಇರಲಿಲ್ಲ. ಬರೆದವರು ಪಾದ್ರಿಗಳು, ನೋಟರಿಗಳು, ತೆರಿಗೆಯ ಅಧಿಕಾರಿಗಳು. ಇವರಲ್ಲಿ ಯಾರೂ ಮುಂದಿನ ಪೀಳಿಗೆಯ ಕುತೂಹಲಕ್ಕಾಗಿ ಬರೆಯಲಿಲ್ಲ. ಫ್ರಾನ್ಸಿನಲ್ಲಿ 1539ರ ರಾಜಾಜ್ಞೆ ದೀಕ್ಷಾಸ್ನಾನಗಳನ್ನೂ, 1579ರ ಆಜ್ಞೆ ಮದುವೆ ಮತ್ತು ಮಣ್ಣುಗಳನ್ನೂ ದಫ್ತರಿನಲ್ಲಿ ಬರೆಯತಕ್ಕದ್ದೆಂದು ವಿಧಿಸಿದವು. 1667ರ ಶಾಸನ ಎರಡು ಪ್ರತಿಗಳನ್ನು ಮಾಡಿ ಒಂದನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕೆಂದಿತು. ಇದರ ಜತೆಗೆ ಮತದ ಕಾರಣವೊಂದಿತ್ತು. ಕ್ಯಾಥೋಲಿಕ್ ವಿಧಿಯಂತೆ ನಾಲ್ಕನೆಯ ತಲೆಮಾರಿನವರೆಗೆ ರಕ್ತಸಂಬಂಧವುಳ್ಳವರು ಮದುವೆಯಾಗುವಂತಿರಲಿಲ್ಲ. ನಮ್ಮ ಶಾಸ್ತ್ರಗಳ ಸಪಿಂಡ ನಿಷೇಧವನ್ನು ನೆನೆದರೆ ವಾಚಕರಿಗೆ ಇದು ಸುಲಭವಾಗಿ ತಿಳಿದೀತು. ಮದುವೆಗೆ ಬಂದ ಗಂಡುಹೆಣ್ಣು ಯಾರ ಮಕ್ಕಳು, ಯಾವ ಊರಿನವರು ಎಂಬುದನ್ನು ಪಾದ್ರಿ ಕೇಳಿ ಬರೆಯಲೇಬೇಕಾಯಿತು. ಇದರಿಂದಾಗಿ ಕ್ವಿಬೆಕ್ಕಿನಲ್ಲಿ ಒಬ್ಬನ ಮದುವೆಯ ದಾಖಲೆ ಸಿಕ್ಕರೆ ಅವನ ತಂದೆತಾಯಿಯರ ಹೆಸರು ಸಿಕ್ಕುತ್ತದೆ. ಅವರ ಮದುವೆಯನ್ನು ಹುಡುಕಿದರೆ ಅಜ್ಜಅಜ್ಜಿಯರು ಸಿಕ್ಕುತ್ತಾರೆ. ಮೆಟ್ಟಿಲ ಮೇಲೆ ಮೆಟ್ಟಿಲಿಟ್ಟು ಇಳಿದಂತೆ ಹತ್ತು ಹನ್ನೆರಡು ತಲೆಮಾರು ಇಳಿಯಬಹುದು.

ಇನ್ನೊಂದು ಅನುಕೂಲವೂ ಉಂಟು. ಅಲ್ಲಿ ಹೆಂಗಸರು ಮದುವೆಯಾದರೂ ದಾಖಲೆಗಳಲ್ಲಿ ತವರಿನ ಹೆಸರನ್ನೇ ಉಳಿಸಿಕೊಂಡರು. ಸೇಂತ್ ದ್ಯುಪೋಂ ಸಾಯುವ ತನಕ ದ್ಯುಪೋಂ ಆಗಿಯೇ ಇದ್ದಳು. ಗಂಡನ ಹೆಸರಿನ ಹಿಂದೆ ಹೆಂಡತಿ ಮಾಯವಾಗುವ ದೇಶಗಳಲ್ಲಿ ತಾಯಿಯ ಕಡೆಯ ವಂಶವನ್ನು ಹುಡುಕುವುದು ಕತ್ತಲೆಯಲ್ಲಿ ತಡಕಾಡಿದಂತೆ. ಇಲ್ಲಿ ಹಾಗಲ್ಲ.

ಅಂದಮಾತ್ರಕ್ಕೆ ದಾರಿ ನೇರವೆಂದು ತಿಳಿಯಬಾರದು. 1640ರ ಜೂನ್ ತಿಂಗಳಲ್ಲಿ ಕ್ವಿಬೆಕ್ಕಿನ ಚರ್ಚು ಸುಟ್ಟುಹೋಯಿತು. ಅದರೊಡನೆ ವಸಾಹತಿನ ಅಲ್ಲಿಯವರೆಗಿನ ದಫ್ತರಗಳೂ ಬೂದಿಯಾದವು. ಪಾದ್ರಿಗಳು ನೆನಪಿನಿಂದ ಅವನ್ನು ಮರಳಿ ಬರೆದರು. ಸಾವಿರಾರು ಮಂದಿಯ ಪ್ರಾಚೀನತೆಯ ಹೆಮ್ಮೆ ಕೆಲವು ಪಾದ್ರಿಗಳ ನೆನಪಿನ ಮೇಲೆ ನಿಂತಿದೆ! ಹೆಸರುಗಳ ಕಾಟ ಇನ್ನೊಂದು. ಸೈನಿಕರಿಗೂ ಕಸಬಿನವರಿಗೂ ಅಡ್ಡಹೆಸರುಗಳಿದ್ದವು. ಒಂದು ತಲೆಮಾರಿನಲ್ಲಿ ಮನೆತನದ ಹೆಸರು, ಮುಂದಿನದರಲ್ಲಿ ಅಡ್ಡಹೆಸರು ಚಲಾವಣೆಗೆ ಬಂದಿತು. ಗಿಯೋಂ ಎಂಬುದು ಸವೆದು ದಿಯೋಂ ಆಯಿತು. 1840ರಿಂದ 1930ರವರೆಗಿನ ಅವಧಿಯಲ್ಲಿ ಸುಮಾರು ಒಂಬತ್ತು ಲಕ್ಷ ಫ್ರೆಂಚ್ ಕೆನಡಿಯನ್ನರು ಹೊಟ್ಟೆಯ ಪಾಡಿಗಾಗಿ ಅಮೇರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೋದರು. ಅಲ್ಲಿನ ಗಿರಣಿಗಳಲ್ಲಿ ರುಆ ಎಂಬವನು ಕಿಂಗ್ ಆದನು, ಬುಆವೇರ್ ಎಂಬವನು ಗ್ರೀನ್‌ವುಡ್ ಆದನು. ಅವರ ಮೊಮ್ಮಕ್ಕಳು ಈಗ ಹಿಂದಿರುಗಿ ಹುಡುಕುವಾಗ ಮೊದಲು ಅನುವಾದವನ್ನು ಬಿಡಿಸಬೇಕಾಗುತ್ತದೆ.

ಈ ಹುಡುಕಾಟವನ್ನು ಶಾಸ್ತ್ರವಾಗಿ ಮಾಡಿದವರ ಶ್ರಮವನ್ನು ಸ್ಮರಿಸದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ಸಿಪ್ರಿಯೆಂ ತಾಂಗೆ ಎಂಬ ಪಾದ್ರಿ ಊರೂರು ತಿರುಗಿ ದಫ್ತರಗಳನ್ನು ಶೋಧಿಸಿ, 1871ರಿಂದ 1890ರವರೆಗೆ ಏಳು ಸಂಪುಟಗಳಲ್ಲಿ ಫ್ರೆಂಚ್ ಕೆನಡಾದ ಕುಟುಂಬಗಳ ನಿಘಂಟನ್ನು ಪ್ರಕಟಿಸಿದನು. ಒಬ್ಬಂಟಿಯಾಗಿ ಮಾಡಿದ ಕೆಲಸ, ತಪ್ಪುಗಳು ಅನೇಕ. ಆದರೆ ತಪ್ಪು ತೋರಿಸಿದವರೆಲ್ಲರೂ ಅವನ ಹೆಗಲ ಮೇಲೆ ನಿಂತೇ ತೋರಿಸಿದರು. 1966ರಲ್ಲಿ ಉಬೇರ್ ಶಾರ್ಬೊನೊ, ಜಾಕ್ ಲೆಗಾರೆ ಎಂಬ ವಿದ್ವಾಂಸರು ಮಾಂಟ್ರಿಯಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾರಂಭಿಸಿದ ಯೋಜನೆ, 1800ಕ್ಕೆ ಹಿಂದಿನ ಸುಮಾರು ಏಳು ಲಕ್ಷ ದಾಖಲೆಗಳನ್ನು ಗಣಕಯಂತ್ರಕ್ಕೇರಿಸಿ, ಒಂದು ಇಡೀ ಜನಾಂಗದ ಕುಟುಂಬಗಳನ್ನು ಒಂದಕ್ಕೊಂದು ಜೋಡಿಸಿತು. ಒಂದು ವಸಾಹತಿನ ಜನತೆ ತನ್ನ ಹುಟ್ಟನ್ನು ಮೊದಲಿನಿಂದ ಇಷ್ಟು ಪೂರ್ಣವಾಗಿ ಬಲ್ಲ ನಿದರ್ಶನ ಲೋಕದಲ್ಲಿ ವಿರಳ.

ಇಷ್ಟು ಜ್ಞಾನ ಕೈಗೆ ಬಂದಿರುವಾಗ ಅದರಿಂದ ಮಾಡುವುದೇನು? ಪ್ರಕೃತ ನಾವು ಕೇಳಬೇಕೆಂದಿರುವ ಪ್ರಶ್ನೆ ಇದು.

ಕೀರ್ತಿವಂತರ ಹೆಸರುಗಳನ್ನು ಪೋಣಿಸಿ ‘ಇವರೆಲ್ಲರೂ ನಮ್ಮ ಬಳಗ’ ಎನ್ನುವ ಪಟ್ಟಿಗಳು ಧಾರಾಳವಾಗಿ ಪ್ರಚಾರದಲ್ಲಿವೆ. ಮನೋರಂಜನೆಗೆ ಅಡ್ಡಿಯಿಲ್ಲ. ಆದರೆ ಲೆಕ್ಕವನ್ನು ಒಮ್ಮೆ ನೋಡಬೇಕು. ಪ್ರತಿಯೊಬ್ಬನಿಗೂ ಇಬ್ಬರು ತಂದೆತಾಯಿಯರು, ನಾಲ್ವರು ಅಜ್ಜಅಜ್ಜಿಯರು. ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ 4,096 ಸ್ಥಾನಗಳು. ಫ್ರೆಂಚರ ಆಳ್ವಿಕೆಯ ಕಾಲದಲ್ಲಿ ಅಲ್ಲಿ ಕಾಲೂರಿ ಸಂತತಿ ಬಿಟ್ಟುಹೋದವರು ಸುಮಾರು ಹತ್ತು ಸಾವಿರ ಮಂದಿ ಮಾತ್ರ. ಇಷ್ಟು ಕಡಮೆ ಜನರಿಂದ ಹುಟ್ಟಿದ ಸಮಾಜದಲ್ಲಿ ಕ್ಲೂತಿಯೆ ದಂಪತಿಗಳು ನನ್ನ ಪೂರ್ವಜರು ಎಂದು ಹೇಳಿಕೊಳ್ಳುವುದರಿಂದ ಯಾವ ವಿಶೇಷವೂ ತಿಳಿಯದು. ಒಬ್ಬನಿಗೇ ಅವರು ನಾಲ್ಕಾರು ದಾರಿಗಳಿಂದ ಪೂರ್ವಜರಾಗಿರಬಹುದು. ಎಲ್ಲರಿಗೂ ಸೇರಿದ ಅಜ್ಜನ ಹೆಸರಿನಲ್ಲಿ ಒಬ್ಬನು ಮೆರೆಯುವುದು ಹೇಗೆ?

ಹೆಸರನ್ನೇ ವಂಶವೆಂದು ನಂಬುವವರಿಗೆ ಕ್ಲೂತಿಯೆಯ ಮಗಳು ಆನ್‌ಳ ಬಾಳು ಉತ್ತರವಾಗಿದೆ. 1636ನೆಯ ಜುಲೈ 27ರಂದು ಆಕೆಗೂ ರೊಬೇರ್ ದ್ರೂಯೆಂ ಎಂಬ ಇಟ್ಟಿಗೆ ಮಾಡುವವನಿಗೂ ವಿವಾಹದ ಕರಾರು ಬರೆಯಲ್ಪಟ್ಟಿತು. ಬರೆದುಕೊಟ್ಟವನು ತಂದೆಯ ಸ್ನೇಹಿತ ಗಿಯೋಂ. ಕೆನಡಾದಲ್ಲಿ ಉಳಿದುಬಂದಿರುವ ವಿವಾಹದ ಕರಾರುಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಪ್ರಸಿದ್ಧಿ. ಪ್ರಸಿದ್ಧಿಯ ಸಂಭ್ರಮದಲ್ಲಿ ಜನ ಮರೆಯುವುದು ಇಷ್ಟು: ವಧುವಿಗೆ ಆಗ ಹತ್ತು ವರ್ಷ, ವರನಿಗೆ ಇಪ್ಪತ್ತೊಂಬತ್ತರ ಸುಮಾರು. ಮುಂದಿನ ವರ್ಷ ಮದುವೆಯಾಯಿತು. ಆರು ಮಕ್ಕಳನ್ನು ಹೆತ್ತು 1648ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಬದುಕಿ ಬೆಳೆದವರು ಇಬ್ಬರು ಹೆಣ್ಣುಮಕ್ಕಳು. ದ್ರೂಯೆಂ ಮತ್ತೆ ಮದುವೆಯಾದನು. ಆ ಹೆಸರು ಮುಂದೆ ಸಾಗಿದ್ದು ಎರಡನೆಯ ಹೆಂಡತಿಯ ಗಂಡುಮಕ್ಕಳಿಂದ. ಆನ್‌ಳ ರಕ್ತ ಬೇರೆ ಬೇರೆ ಹೆಸರುಗಳ ಮನೆಗಳಲ್ಲಿ ಹರಿಯಿತು. ಆಕೆಯ ಗಂಡನ ಹೆಸರನ್ನು ಹೊತ್ತವರಲ್ಲಿ ಆ ದಾರಿಯಿಂದ ಆಕೆಯ ಪಾಲಿಲ್ಲ. ವಸಾಹತು ಬೆಳೆಯಿತು ಎಂಬ ಮಾತಿನ ಒಳಗೆ ಇಂಥ ಹುಡುಗಿಯರು ಎಷ್ಟು ಮಂದಿ ಇದ್ದಾರೋ!

ವಂಶಾವಳಿ ವೈದ್ಯಶಾಸ್ತ್ರಕ್ಕೆ ನೆರವಾಗಿದೆ ಎಂಬುದನ್ನು ಒಪ್ಪತಕ್ಕದ್ದು. ಕೆಲವೇ ಪೂರ್ವಜರಿಂದ ಹಬ್ಬಿದ ಜನತೆಯಲ್ಲಿ ಕೆಲವು ವಿರಳ ರೋಗಗಳು ಗಟ್ಟಿಯಾಗಿ ಬೇರೂರುತ್ತವೆ. ತಾಯಿಯಿಂದ ಬರುವ, ತರುಣರ ಕಣ್ಣಿನ ನರವನ್ನು ಕೆಡಿಸುವ ಒಂದು ರೋಗದ ಮೂಲವನ್ನು ಸಂಶೋಧಕರು 1669ರಲ್ಲಿ ಕ್ವಿಬೆಕ್ಕಿನಲ್ಲಿ ಮದುವೆಯಾದ ಒಬ್ಬಳೇ ಹೆಂಗಸಿನವರೆಗೆ ಒಯ್ದು 2017ರಲ್ಲಿ ಪ್ರಕಟಿಸಿದರು. ದೊರೆಯ ಖರ್ಚಿನಲ್ಲಿ ವಸಾಹತಿಗೆ ಕಳುಹಿಸಲ್ಪಟ್ಟ ಸುಮಾರು ಎಂಟುನೂರು ತರುಣಿಯರಲ್ಲಿ ಆಕೆಯೂ ಒಬ್ಬಳು. ಆ ಬಡಪಾಯಿಗೆ ತಾನು ಏನನ್ನು ಹೊತ್ತು ತಂದೆನೆಂಬುದು ತಿಳಿದಿರಲಿಲ್ಲ.

ಆದರೆ ಈಚಿನ ವರ್ಷಗಳಲ್ಲಿ ಈ ವಂಶವೃಕ್ಷಗಳಿಗೆ ಬಂದೊದಗಿದ ಇನ್ನೊಂದು ಉಪಯೋಗ ನಮಗೆ ಕಳವಳವನ್ನುಂಟುಮಾಡುತ್ತದೆ. 2003ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಪೌಲಿ ಎಂಬವರ ಮೊಕದ್ದಮೆಯಲ್ಲಿ, ಮೂಲನಿವಾಸಿಗಳು ಮತ್ತು ಯುರೋಪಿಯನ್ನರ ಮಿಶ್ರ ಸಂತಾನವಾಗಿ ಬೆಳೆದ ಮೆಟಿ ಜನಸಮುದಾಯಕ್ಕೆ ಬೇಟೆಯಾಡುವ ಹಕ್ಕನ್ನು ಎತ್ತಿಹಿಡಿಯಿತು. ಅದಾದ ಮೇಲೆ ಕ್ವಿಬೆಕ್ ಮೊದಲಾದ ಪೂರ್ವಪ್ರಾಂತಗಳಲ್ಲಿ ಸಾವಿರಾರು ಫ್ರೆಂಚ್ ವಂಶಸ್ಥರು ತಾವೂ ಮೂಲನಿವಾಸಿಗಳೆಂದು ಸಂಘಗಳನ್ನು ಕಟ್ಟಿಕೊಂಡರು. ಆಧಾರವೇನು? ಹದಿನೇಳನೆಯ ಶತಮಾನದ ಒಬ್ಬಳು ಅಜ್ಜಿ. 1644ರಲ್ಲಿ ಮಾರ್ತೇಂ ಪ್ರೆವೊ ಎಂಬ ಫ್ರೆಂಚನನ್ನು ಚರ್ಚಿನಲ್ಲಿ ಮದುವೆಯಾದ ಮಾರಿ ಮಾನಿತುಅಬೆವಿಶ್ ಎಂಬ ಮೂಲನಿವಾಸಿ ಹೆಣ್ಣಿನಂಥ ಕೆಲವರು ಆ ದಫ್ತರಗಳಲ್ಲಿದ್ದಾರೆ. ಕ್ಲೂತಿಯೆಯನ್ನು ಎಲ್ಲರ ಅಜ್ಜನನ್ನಾಗಿ ಮಾಡಿದ ಲೆಕ್ಕವೇ ಇಂಥವರನ್ನೂ ಅಸಂಖ್ಯರ ಅಜ್ಜಿಯನ್ನಾಗಿ ಮಾಡಿದೆ. ನಾಲ್ಕು ಸಾವಿರ ಪೂರ್ವಜರಲ್ಲಿ ಒಬ್ಬಳನ್ನು ಆರಿಸಿಕೊಂಡು, ಉಳಿದವರನ್ನೆಲ್ಲ ಬದಿಗಿಟ್ಟು, ‘ನಾನು ಈಕೆ’ ಎನ್ನುವುದು ಎಂಥ ತರ್ಕ? ಡಾರಿಲ್ ಲರೂ ಎಂಬ ವಿದ್ವಾಂಸರು 2019ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಅಪ್ಪಟ ಫ್ರೆಂಚ್ ಹೆಂಗಸರನ್ನು ಕೂಡ ವಂಶವೃಕ್ಷದಲ್ಲಿ ಮೂಲನಿವಾಸಿಗಳೆಂದು ತಿದ್ದಿಕೊಂಡ ನಿದರ್ಶನಗಳುಂಟೆಂದೂ, ಕೆಲವು ಸಂಘಗಳ ಹುಟ್ಟಿನಲ್ಲಿ ನಿಜವಾದ ಮೂಲನಿವಾಸಿಗಳ ಭೂಮಿಯ ಹಕ್ಕನ್ನು ವಿರೋಧಿಸುವ ಉದ್ದೇಶವೇ ಇತ್ತೆಂದೂ ಅವರು ಹೇಳುತ್ತಾರೆ.

ನಮ್ಮ ಅಭಿಪ್ರಾಯದಲ್ಲಿ ಇದು ವಂಶಾವಳಿಯ ದುರುಪಯೋಗ ಮಾತ್ರವಲ್ಲ. ದಫ್ತರ ಎಂಬ ವಸ್ತುವಿನ ಸ್ವಭಾವವನ್ನೇ ಅರಿಯದ ಕೆಲಸ. ಅದೇ ದಫ್ತರಗಳಲ್ಲಿ ಇನ್ನೊಂದು ಬಗೆಯ ಹೆಸರುಗಳಿವೆ. 1709ರಲ್ಲಿ ಆ ವಸಾಹತಿನ ಅಧಿಕಾರಿ ಗುಲಾಮರನ್ನು ಕೊಂಡಿಟ್ಟುಕೊಳ್ಳುವುದನ್ನು ಆಜ್ಞೆಯ ಮೂಲಕ ಕ್ರಮಬದ್ಧಗೊಳಿಸಿದನು. ಮಾರ್ಸೆಲ್ ತ್ರುದೆಲ್ ಎಂಬ ಇತಿಹಾಸಕಾರನು ಆ ಹಳೆಯ ಕಾಗದಗಳನ್ನೇ ಜಾಲಾಡಿ, 1960ರಲ್ಲಿ ಪ್ರಕಟವಾದ ತನ್ನ ಗ್ರಂಥದಿಂದ ಮೊದಲುಗೊಂಡು, ನಾಲ್ಕು ಸಾವಿರದಷ್ಟು ಗುಲಾಮರನ್ನು ಎಣಿಸಿ ತೋರಿಸಿದನು. ಅವರಲ್ಲಿ ಬಹುಪಾಲು ಮೂಲನಿವಾಸಿಗಳು, ಉಳಿದವರು ಆಫ್ರಿಕದವರು. ತಮ್ಮ ಪೂರ್ವಜರನ್ನು ನೇಗಿಲಯೋಗಿಗಳೆಂದೇ ಕೇಳುತ್ತ ಬಂದವರಿಗೆ ಅದು ರುಚಿಸುವ ಸುದ್ದಿಯಾಗಿರಲಿಲ್ಲ. ಗುಲಾಮನ ದೀಕ್ಷಾಸ್ನಾನದ ದಾಖಲೆಯಲ್ಲಿ ಒಡೆಯನ ಹೆಸರಿರುತ್ತದೆ. ತಂದೆತಾಯಿಯರ ಹೆಸರು ಇರುವುದು ಅಪರೂಪ. ಬಡಗಿಯ ಮಗಳಿಗೆ ಸಿಕ್ಕ ಮೆಟ್ಟಿಲು ಇವರಿಗೆ ಸಿಕ್ಕಲಿಲ್ಲ. ಚಿಕ್ಕಂದಿನಲ್ಲಿಯೇ ಸತ್ತವರು ಹಲವರು. ಬದುಕಿದವರಿಗೆ ಹಿಂದಕ್ಕೆ ಹೋಗುವ ದಾರಿಯನ್ನು ದಫ್ತರವೇ ಮುಚ್ಚಿತು. ಯಾರ ಮಕ್ಕಳು ಎಂದು ಕೇಳುವ ಪಾದ್ರಿ ಅಲ್ಲಿ ಕೇಳಲಿಲ್ಲ, ಅಥವಾ ಕೇಳಿದರೂ ಬರೆಯಲಿಲ್ಲ.

ಇನ್ನು ಮೂಲನಿವಾಸಿಗಳ ಪಟ್ಟಿಯ ಕಥೆ. ಯಾರು ಆ ಜನ, ಯಾರು ಅಲ್ಲ ಎಂಬುದನ್ನು ಕೆನಡಾದ ಸರಕಾರ ಕಾನೂನಿನಿಂದ ನಿರ್ಣಯಿಸಲು ತೊಡಗಿದ ಮೇಲೆ, 1869ರಿಂದ ಒಂದು ವಿಚಿತ್ರ ನಿಯಮ ಜಾರಿಯಲ್ಲಿತ್ತು. ಮೂಲನಿವಾಸಿ ಹೆಣ್ಣು ಹೊರಗಿನವನನ್ನು ಮದುವೆಯಾದರೆ ಆಕೆಯ ಹೆಸರು ಪಟ್ಟಿಯಿಂದ ಹೊಡೆಯಲ್ಪಡುತ್ತಿತ್ತು. ಆಕೆಯ ಮಕ್ಕಳಿಗೂ ಹಕ್ಕಿಲ್ಲ. ಗಂಡಸು ಹೊರಗಿನವಳನ್ನು ಮದುವೆಯಾದರೆ ಅವನಿಗೆ ಏನೂ ಆಗುತ್ತಿರಲಿಲ್ಲ, ಹೆಂಡತಿಗೂ ಆ ಸ್ಥಾನ ಲಭಿಸುತ್ತಿತ್ತು. ಜೆನೆಟ್ ಕೋರ್ಬಿಯೇರ್ ಲಾವೆಲ್ ಎಂಬಾಕೆ ಇದರ ವಿರುದ್ಧ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1973ರಲ್ಲಿ ಸೋತರು. ಸಾಂಡ್ರಾ ಲವ್‌ಲೇಸ್ ಎಂಬಾಕೆ ವಿಶ್ವಸಂಸ್ಥೆಯ ಮಾನವಹಕ್ಕುಗಳ ಸಮಿತಿಗೆ ದೂರಿತ್ತು 1981ರಲ್ಲಿ ಗೆದ್ದರು. 1985ರಲ್ಲಿ ಕಾನೂನು ಬದಲಾಯಿತು, ಅದೂ ಅರೆಮನಸ್ಸಿನಿಂದ. ಹೊರಗಟ್ಟಲ್ಪಟ್ಟ ಹೆಂಗಸರ ಮೊಮ್ಮಕ್ಕಳು ಮರಿಮಕ್ಕಳು ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಆ ತಾರತಮ್ಯವನ್ನು ತೊಡೆಯಲೆಂದು ಮಾಡಿದ ತಿದ್ದುಪಡಿಯ ಕೊನೆಯ ಭಾಗ ಜಾರಿಗೆ ಬಂದದ್ದು 2019ರ ಆಗಸ್ಟಿನಲ್ಲಿ. ತನ್ನ ಸ್ವಂತ ತಾಯಿಯ ಹೆಸರಿನಲ್ಲಿ ಮನೆಗೆ ಮರಳಲು ಒಬ್ಬಳು ಇಷ್ಟು ಕಾಯಬೇಕಾದ ನಾಡಿನಲ್ಲಿ, ಹನ್ನೆರಡು ತಲೆಮಾರಿನ ಹಿಂದಿನ ಅಜ್ಜಿಯ ಹೆಸರಿನ ಕಾಗದವೊಂದನ್ನು ಹಿಡಿದು ಇನ್ನೊಬ್ಬನು ಅದೇ ಮನೆಯ ಬಾಗಿಲು ತಟ್ಟುತ್ತಿದ್ದಾನೆ.

ಬಾಗಿಲು ತೆರೆಯಬೇಕೋ ಬೇಡವೋ ಎಂದು ಹೇಳತಕ್ಕವರು ಆ ಮನೆಯವರು. ಕ್ಲೂತಿಯೆ ಮರ ಕಡಿದ ಬೋಪೋರಿನಿಂದ ಕೆಲವೇ ಮೈಲಿಗಳ ದೂರದಲ್ಲಿ ವೆಂಡಾಕೆ ಎಂಬ ಊರಿದೆ. ಯುದ್ಧ ಮತ್ತು ಸಾಂಕ್ರಾಮಿಕಗಳಿಂದ ಜರ್ಜರಿತರಾಗಿ ತಮ್ಮ ಸರೋವರಗಳ ನಾಡನ್ನು ಬಿಟ್ಟು 1650ರಲ್ಲಿ ಕ್ವಿಬೆಕ್ಕಿಗೆ ಬಂದ ಹ್ಯೂರನ್-ವೆಂಡಾಟ್ ಜನ 1697ರಿಂದ ಅಲ್ಲಿ ನೆಲಸಿದ್ದಾರೆ.